ಶಂಕ್ರವ್ವನ ಖೋಲಿ

"ನಿನ್ನ ಬಾಣಂತನದ ಖೋಲಿ ಯಾವತ್ತಿದ್ರೂ ನಿಂದ ಅಕ್ಕಾ. ಅದರ ಒಂದ ಕಲ್ಲೂ ಅಲಗಸಂಗಿಲ್ಲ" ಎಂದು ಮಾತು ಕೊಟ್ಟೇ ತಮ್ಮ ಬಸಲಿಂಗ ಅಂದು ತವರಿನ ಹಳೇ ಕಲ್ಲುಮನೆಯ ಹಕ್ಕನ್ನು ಶಂಕ್ರವ್ವನಿಂದ ಬಿಡಿಸಿಕೊಂಡಿದ್ದ.

ಗಂಡ ತೀರಿದ ಮೇಲೆ ಅವಳು ಹಾಸಿಗೆ ಸುತ್ತಿಕೊಂಡು ಆ ಖೋಲಿಯನ್ನೇ ನಂಬಿ ಬಂದಳು. ಮನೆಯ ಗುರುತೇ ಸಿಗಲಿಲ್ಲ. ದನ ಕಟ್ಟುತ್ತಿದ್ದಲ್ಲಿ ಸೋಫಾ ಬಂದಿತ್ತು, ಹಿತ್ತಲಿನಲ್ಲಿ ಎರಡು ಬೆಡ್‌ರೂಮು ಎದ್ದಿದ್ದವು.

"ನನ್ನ ಖೋಲಿನೂ ಕೆಡವಿದೇನೋ ತಮ್ಮಾ?"

"ಛೇ, ಮಾತಂದ್ರ ಮಾತ! ಎಂಜಿನಿಯರ ಕೆಡವೂಣ್ರಿ ಅಂದ, ನಾ ಬಿಡಲಿಲ್ಲ. ನೀನ ನೋಡ ಬಾ."

ಅವನು ಬಾಗಿಲು ತೆರೆದು ದೀಪ ಹಾಕಿದ. ಅವಳು ಕೂಸನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗುತ್ತಿದ್ದ ಮೂಲೆಯಲ್ಲಿ ಬಿಳಿ ಕಮೋಡು ಕೂತಿತ್ತು. ಗೋಡೆಯ ಒಂದು ಕಲ್ಲೂ ಅಲುಗಿರಲಿಲ್ಲ.