ಆರು ಡ್ರಾಯರಿನ ಕಪಾಟು

ಹಿತ್ತಲಿನ ಗೇಟು ಒದೆಯುವ ಸದ್ದು ಕೇಳಿದಾಗ ಬಡಗಿ ಕೊನೆಯ ಸ್ಕ್ರೂ ತಿರುಗಿಸುತ್ತಿದ್ದ. ಕಪಾಟಿನ ಬೆನ್ನಿಗೆ ಒಟ್ಟು ಹನ್ನೆರಡು ಸ್ಕ್ರೂ. ಬೀದಿಯ ತುದಿಯಲ್ಲಿ ಲಾರಿ ಕಂಡ ಮೇಲೆ ಹನ್ನೊಂದು ಕೂತಿದ್ದವು. ಹನ್ನೆರಡನೆಯದನ್ನು ಅರ್ಧಕ್ಕೇ ಬಿಟ್ಟು, ಹೆಗಲು ಕೊಟ್ಟು ಕಪಾಟನ್ನು ಗೋಡೆಗೆ ನೂಕಿದ. ಖಾಲಿ ಕಪಾಟು ಇಷ್ಟು ಭಾರವಿರುವುದಿಲ್ಲ. ಆದರೆ ಒಳಗೆ ಅವಳಿದ್ದಳು.

“ಉಸಿರೆತ್ತಬೇಡ,” ಎಂದು ಹಲಗೆಗೆ ಬಾಯಿಟ್ಟು ಪಿಸುಗುಟ್ಟಿದ. “ಅವನು ಬಂದ.”

ಅವನು ಎಂದರೆ ಲಾರಿ ಡ್ರೈವರ್. ಆಳು ಆರಡಿ, ಕೋಪ ಏಳಡಿ. ಎರಡು ತಿಂಗಳ ಹಿಂದೆಯೂ ಹೀಗೇ ಬಂದು ಬೀದಿಯೆಲ್ಲ ಕೇಳುವಂತೆ ಕೂಗಾಡಿದ್ದ. ಅವಳನ್ನು ಕರೆದುಕೊಂಡೇ ಹೋಗುತ್ತೇನೆ ಎಂದು ಹಠ ಹಿಡಿದಿದ್ದ. ಆಗ ಬಡಗಿ ಅವಳನ್ನು ಅಟ್ಟ ಹತ್ತಿಸಿ, ಊರಲ್ಲಿಲ್ಲ ಎಂದು ಸುಳ್ಳು ಹೇಳಿ ಹೇಗೋ ಸಾಗಹಾಕಿದ್ದ. ಅದೇ ಸುಳ್ಳು ಇನ್ನೊಮ್ಮೆ ನಡೆಯಲಾರದೆಂದು ಗೊತ್ತಿತ್ತು. ಮರುದಿನವೇ ಮರ ತಂದ.

ಹಿತ್ತಲಿನ ಷೆಡ್ಡಿನಲ್ಲಿ ಐದು ವಾರದ ಕೆಲಸ. ನೋಡುವವರಿಗೆ ಆರು ಡ್ರಾಯರು. ಮೇಲಿನ ಎರಡು ಮಾತ್ರ ನಿಜ, ಅವೂ ಗೇಣುದ್ದ. ಕೆಳಗಿನ ನಾಲ್ಕು ಬರೀ ಮುಖ, ಹಿಡಿ ಸಮೇತ. ಅವುಗಳ ಹಿಂದೆ ಮೊಣಕಾಲನ್ನು ಎದೆಗೆ ತಂದುಕೊಂಡು ಒಬ್ಬರು ಕೂರುವಷ್ಟು ಜಾಗ. ಉಸಿರಾಟಕ್ಕೆ ತಳದಲ್ಲಿ ಆರು ತೂತು. ಒಳಮೈಯನ್ನೂ ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿದ್ದ, ಅವಳಿಗೆ ಸಿಬಿರು ಚುಚ್ಚಬಾರದೆಂದು. ಅಷ್ಟು ಕಾಳಜಿಯ ಮನುಷ್ಯ.

ಷೆಡ್ಡಿನ ಚಿಲಕ ಕಿತ್ತು ಹಾರಿತು. ಡ್ರೈವರನ ಕೈಯಲ್ಲಿ ಟೈರು ಬಿಚ್ಚುವ ಕಬ್ಬಿಣದ ರಾಡು.

“ಎಲ್ಲಿ ಅವಳು?”

“ಇಲ್ಲಿಲ್ಲ.”

“ಪಕ್ಕದ ಮನೆಯಾಕೆ ಬೆಳಿಗ್ಗೆ ನೋಡಿದ್ದಾಳೆ. ಕಿಟಕಿ ಹತ್ರ ನಿಂತಿದ್ಲಂತೆ.”

ಆ ಹೆಂಗಸಿನ ಬಾಯಿಗೂ ಒಂದು ಮುಚ್ಚಳ ಮಾಡಬೇಕಿತ್ತು ಎಂದುಕೊಂಡ ಬಡಗಿ. “ನಿನ್ನ ಮುಖ ನೋಡೋಕೂ ಅವಳಿಗೆ ಇಷ್ಟ ಇಲ್ಲ. ಬಂದ ದಾರಿ ಹಿಡಿ.”

“ಆ ಮಾತು ಅವಳ ಬಾಯಲ್ಲೇ ಬರಲಿ, ಹೋಗ್ತೀನಿ.” ಡ್ರೈವರನ ದನಿ ಒಮ್ಮೆಲೇ ತಗ್ಗಿತು. “ಕೈ ಹೇಗಿದೆ ಅವಳದ್ದು? ಮೂಳೆ ಕೂಡ್ತಾ?”

“ಅದರ ಸುದ್ದಿ ನೀನು ಎತ್ತಬೇಡ. ಮೆಟ್ಟಿಲಿಂದ ಬಿದ್ದೆ ಅಂತ ಡಾಕ್ಟರ ಮುಂದೆ ಅವಳೇ ಹೇಳಿ ಮುಗಿಸಿದ್ದಾಳೆ.”

“ಮೆಟ್ಟಿಲು!” ಡ್ರೈವರ್ ಹಲ್ಲು ಕಡಿದ. “ಇನ್ನೊಂದ್ಸಲ ಮೆಟ್ಟಿಲು ಅಂದ್ರೆ ನಿನ್ನ ಹಲ್ಲು ಉದುರಿಸ್ತೀನಿ.”

ರಾಡು ಬೀಸಿದ. ಮೇಜಿನ ಮೇಲಿದ್ದ ವಾರ್ನಿಷ್ ಡಬ್ಬಿ ಉರುಳಿ ನೆಲವೆಲ್ಲ ಹರಿಯಿತು. ಗರಗಸಗಳು ಗೋಡೆಯಿಂದ ಕಳಚಿ ಬಿದ್ದವು. ಬಡಗಿ ಎರಡು ಹೆಜ್ಜೆ ಹಿಂದೆ ಸರಿದು ಕಪಾಟಿಗೆ ಅಡ್ಡ ನಿಂತ. ಅಲ್ಲೇ ಕೆಟ್ಟಿತು.

“ಏನದು?”

“ಗಿರಾಕಿಯದ್ದು. ಮುಟ್ಟಬೇಡ, ಪಾಲಿಶ್ ಹಸಿ ಇದೆ.”

ಡ್ರೈವರ್ ಅವನನ್ನು ಎಡಗೈಯಲ್ಲಿ ಬದಿಗೆ ತಳ್ಳಿ ಮೇಲಿನ ಡ್ರಾಯರ್ ಎಳೆದ. ಗೇಣುದ್ದ ಬಂದು ಕೈಗೇ ಬಿತ್ತು. ಕಪಾಟಿನ ಪಕ್ಕೆಯನ್ನೊಮ್ಮೆ ನೋಡಿದ. ಅದು ಮೊಳಕ್ಕಿಂತ ಅಗಲ. ಲಾರಿಯಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ ಎಂದು ಕಣ್ಣಲ್ಲೇ ಅಳೆದು ಹದಿನೈದು ವರ್ಷ ಅನ್ನ ತಿಂದವನು ಅವನು. ಖಾಲಿ ಖಾನೆಗೆ ರಾಡು ತೂರಿಸಿದ. ಗೇಣಿಗೇ ಟಕ್ಕೆಂದು ನಿಂತಿತು.

ಅದೇ ಹೊತ್ತಿಗೆ ಒಳಗಿನಿಂದ ಧಡ್ ಎಂಬ ಸದ್ದು. ಪಾಪ, ಹೆದರಿಕೆಗೆ ಕಾಲು ಜಾರಿರಬೇಕು.

“ಸುಮ್ನಿರು ಅಂದಿದ್ನಲ್ಲ!” ಎಂದು ಕಿರುಚಿದ ಬಡಗಿ ಅಗಲ ಉಳಿಯನ್ನು ಎತ್ತಿ ಡ್ರೈವರನ ಭುಜಕ್ಕೆ ಹಿಡಿಯವರೆಗೂ ಇಳಿಸಿಬಿಟ್ಟ.

ಡ್ರೈವರ್ ಹುಲಿಯ ಹಾಗೆ ಅರಚಿದ. ರಕ್ತ ಅಂಗಿ ದಾಟಿ ಮರದ ಹೊಟ್ಟಿನ ಮೇಲೆ ತೊಟ್ಟಿಕ್ಕಿತು. ಬಡಗಿ ಕೊಡತಿ ಎತ್ತಿ ಅವನ ತಲೆಗೆ ಒಂದೇಟು ಹಾಕಿದ, ಕಿವಿಗೆ ಇನ್ನೊಂದು. ಮೂರನೆಯದಕ್ಕೆ ಕೈ ಎತ್ತುವಷ್ಟರಲ್ಲಿ ರಾಡು ಅವನ ಮೊಣಕಾಲಿಗೆ ಬಿತ್ತು. ಮೂಳೆ ಲಟಕ್ಕೆಂದಿತು. ಬಡಗಿ ವಾರ್ನಿಷಿನಲ್ಲಿ ಜಾರಿ ಅಂಗಾತ ಬಿದ್ದ. ಬಿದ್ದವನ ಪಕ್ಕೆಗೆ ಇನ್ನೆರಡು ಒದೆ.

ಆದರೂ ಅವನು ಬಿಡಲಿಲ್ಲ. ಮುರಿದ ಕಾಲು ಎಳೆದುಕೊಂಡು ತೆವಳಿ ಬಂದು ಡ್ರೈವರನ ಪಾದವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದ. ಅವಳನ್ನು ಇವನ ಕೈಗೆ ಕೊಡುವುದಕ್ಕಿಂತ ಸಾಯುವುದೇ ಮೇಲು ಎಂದು ಅವನಿಗೆ ನಿಜವಾಗಿಯೂ ಅನಿಸಿತ್ತು.

“ಬೇಡ ಕಣೋ! ಅವಳನ್ನ ಮುಟ್ಟಬೇಡ! ನಿನ್ನ ಕಾಲಿಗೆ ಬೀಳ್ತೀನಿ!”

ಡ್ರೈವರ್ ಕಾಲು ಕೊಡವಿದ. ರಾಡಿನ ಚಪ್ಪಟೆ ತುದಿಯನ್ನು ಸಂದಿಗೆ ಸೇರಿಸಿ ಮೈಭಾರ ಹಾಕಿ ಮೀಟಿದ. ಮೊದಲ ಸುಳ್ಳು ಡ್ರಾಯರು ಸೀಳಿತು. ಕೆಲಸ ಗಟ್ಟಿಯಾಗಿತ್ತು, ಎರಡನೆಯದಕ್ಕೆ ನಾಲ್ಕು ಸಲ ಮೀಟಬೇಕಾಯಿತು. ಮೂರನೆಯದನ್ನು ಬರಿಗೈಯಲ್ಲೇ ಕಿತ್ತು ಎಸೆದ. ಉಗುರು ಕಿತ್ತುಬಂದದ್ದೂ ಅವನಿಗೆ ತಿಳಿಯಲಿಲ್ಲ.

ಕತ್ತಲೆಯಲ್ಲಿ ಎರಡು ಕಣ್ಣು ಕಂಡವು. ರಾಡು ಅವನ ಕೈಯಿಂದ ಜಾರಿತು. ಅವಳ ಕೈಗಳನ್ನು ಹಗ್ಗದಿಂದ ಬಿಗಿದಿತ್ತು, ಬಾಯಿಗೆ ಬಟ್ಟೆ ತುರುಕಿತ್ತು. ಅವನು ಬಟ್ಟೆಯನ್ನು ಎಳೆದು ತೆಗೆದ.

“ಅಣ್ಣಾ,” ಎಂದು ಬಡಗಿಯ ಹೆಂಡತಿ ಡ್ರೈವರನ ಎದೆಗೆ ಬಿದ್ದು ಅತ್ತಳು, “ನನ್ನನ್ನ ಅಮ್ಮನ ಹತ್ರ ಕರ್ಕೊಂಡು ಹೋಗು.”