ಫೋನು ಒಪ್ಪದ ಉತ್ತರ

ಗ್ಯಾಸ್ ಸಿಲಿಂಡರ್ ಬುಕ್ ಮಾಡುವಾಗ ಫೋನು ಪ್ರೇಮಾಳಿಗೆ ಎಂದಿನ ಭದ್ರತಾ ಪ್ರಶ್ನೆ ಕೇಳಿತು: ನಿಮ್ಮ ತಾಯಿಯ ಹೆಸರೇನು? ಅವಳು ಬಾಳವ್ವ ಎಂದು ಬರೆದಳು. ತಪ್ಪು, ನಮ್ಮಲ್ಲಿ ಫಕೀರವ್ವ ಎಂದಿದೆ, ಒಪ್ಪಿಕೊಳ್ಳಿ ಎಂದಿತು ಫೋನು.

ಅವಳು ಧಾರವಾಡದಲ್ಲಿದ್ದ ತಂಗಿ ಸರೋಜಾಳಿಗೆ ಕರೆ ಮಾಡಿದಳು.

“ಒಪ್ಪಿಕೊಂಡುಬಿಡಕ್ಕಾ. ನಾನೂ ಹೋದ ವಾರ ಹುಟ್ಟಿದ ಊರು ಬ್ಯಾರೆ ಅಂತ ಒಪ್ಪಿಕೊಂಡೆ. ಇಲ್ಲಾಂದ್ರ ಎಲ್ಲಾ ಬಂದ್ ಮಾಡತೈತಿ. ನಮ್ಮ ಓಣ್ಯಾಗ ಎಲ್ಲಾರೂ ಏನಾರ ಒಂದು ಒಪ್ಪಿಕೊಂಡಾರ.”

ಪ್ರೇಮಾ ಒಪ್ಪಿಕೊಂಡಳು. ಸಿಲಿಂಡರ್ ಬುಕ್ ಆಯಿತು. ಮನಸ್ಸು ತಡೆಯದೆ ಅಡುಗೆಮನೆಗೆ ಹೋಗಿ, ಮೆಂತ್ಯಸೊಪ್ಪು ಸೋಸುತ್ತಿದ್ದ ಅವ್ವನಿಗೆ ಹೇಳಿದಳು.

“ಇರಲಿ ಬಿಡವಾ,” ಅಂದಳು ಬಾಳವ್ವ, ತಲೆ ಎತ್ತದೆ. “ಮುಂಜಾನೆ ನನಗೂ ಮಕ್ಕಳೆಷ್ಟು ಅಂತ ಕೇಳಿತು. ಇಬ್ಬರು ಅಂದೆ, ತಪ್ಪು ಅಂತು. ಒಬ್ಬಾಕಿ ಅಂತ ಒಪ್ಪಿಕೊಂಡೆ.”

“ಯಾರವ್ವಾ, ಆ ಒಬ್ಬಾಕಿ?”

“ಸರೋಜಾ.”