ಏಳು ಮನೆಗಳ ಬಾಗಿಲಿಗೆ ಮತ್ತೊಮ್ಮೆ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಿ.

ನೇಕಾರರ ಓಣಿಯೊಂದರಲ್ಲಿ ದಾಕ್ಷಾಯಣಿ ಎಂಬ ಆಶಾ ಕಾರ್ಯಕರ್ತೆ ಇದ್ದಳು. ಯಾವ ಕೂಸಿಗೆ ಯಾವ ಲಸಿಕೆ ಬಾಕಿ, ಯಾರು ವಂಕಿ ಹಾಕಿಸಿಕೊಂಡು ಎಷ್ಟು ವರ್ಷವಾಯಿತು... ಎಲ್ಲವೂ ಅವಳ ನಾಲಿಗೆಯ ತುದಿಯಲ್ಲೇ ಇತ್ತು.

ವಂಕಿ ಎಂದರೆ ಗೊತ್ತಲ್ಲ... ಮಕ್ಕಳಾಗದಂತೆ ಗರ್ಭಕೋಶದೊಳಗೆ ಹಾಕುವ ಕಾಪರ್-ಟಿ.

ಹೆದರಿದವರಿಗೆಲ್ಲ ಅವಳು ತನ್ನನ್ನೇ ತೋರಿಸುತ್ತಿದ್ದಳು. ಎಂಟು ವರ್ಷದಿಂದ ತನಗೂ ಇದೆ, ಗುಂಡುಕಲ್ಲಿನ ಹಾಗೆ ಇಲ್ಲವೇ ಎಂದು ನಗುತ್ತಿದ್ದಳು. ಡಾಕ್ಟರ ಮಾತು ಮೀರಿದರೂ ಓಣಿಯ ಹೆಂಗಸರು ಅವಳ ಮಾತು ಮೀರುತ್ತಿರಲಿಲ್ಲ.

ಒಂದು ದಿನ ಮಗ್ಗ ನೇಯುವ ಗುರವ್ವ ಅವಳನ್ನು ಪಕ್ಕಕ್ಕೆ ಕರೆದಳು... ಮುಟ್ಟಿನ ದಿನವಲ್ಲದಿದ್ದರೂ ನಡುನಡುವೆ ರಕ್ತದ ಕಲೆ ಕಾಣುತ್ತಿದೆ ಎಂದಳು.

"ವಂಕಿ ಇದ್ದೋರಿಗೆ ಅದು ಮಾಮೂಲು. ತಲಿ ಕೆಡಿಸ್ಕೋಬ್ಯಾಡ."

ಸುಳ್ಳು ಹೇಳಿರಲಿಲ್ಲ ಪಾಪ... ಒಂದು ವರ್ಷದಿಂದ ಅವಳಿಗೂ ಹಾಗೇ ಆಗುತ್ತಿತ್ತು, ಅದು ಮಾಮೂಲು ಎಂದೇ ನಂಬಿದ್ದಳು. ಇದೇ ಮಾತನ್ನು ಇನ್ನೂ ಆರು ಮಂದಿಗೆ ಹೇಳಿದ್ದಳು.

ಆ ತಿಂಗಳು ಆರೋಗ್ಯ ಕೇಂದ್ರದಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಇಟ್ಟರು. ಮೂವತ್ತು ದಾಟಿದವರನ್ನೆಲ್ಲ ದಾಕ್ಷಾಯಣಿ ಕರೆತಂದಳು, ವಂಕಿ ಇದ್ದವರನ್ನು ಬಿಟ್ಟು!

ವರ್ಷಕ್ಕೊಮ್ಮೆ ನರ್ಸ್ ವಂಕಿಯ ದಾರ ನೋಡುತ್ತಾರಲ್ಲ... ಒಳಗಿನದೆಲ್ಲ ನೋಡಿದಂತೆಯೇ ಆಯಿತು ಎಂದು ಅವಳು ತಿಳಿದಿದ್ದಳು.

ಬಂದವರು "ನೀ ಹೋಗು, ನೀ ಹೋಗು" ಎಂದು ಒಬ್ಬರನ್ನೊಬ್ಬರು ತಳ್ಳುತ್ತ ಕುಳಿತರು. ಅವರ ಹೆದರಿಕೆ ಬಿಡಿಸಲೆಂದು ದಾಕ್ಷಾಯಣಿ ತಾನೇ ಮೊದಲು ಹೋಗಿ ಮಲಗಿದಳು.

ಔಷಧಿ ಹಚ್ಚಿ ನೋಡಿದ ಡಾಕ್ಟರಮ್ಮ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದರು... ಒಳಗೆ ಬಿಳಿ ಮಚ್ಚೆ ಎದ್ದಿತ್ತು.

ಅಲ್ಲಿ ಮುಂದಿನ ಪರೀಕ್ಷೆ ಆಯಿತು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟಿದ್ದರೆ ಮುಂದೆ ಅದೇ ಆಗಬಹುದಿತ್ತು ಎಂದರು. ಸಣ್ಣ ಚಿಕಿತ್ಸೆಯಲ್ಲೇ ಮುಗಿಯಿತು.

ಮಚ್ಚೆ ವಂಕಿಯಿಂದ ಬಂದದ್ದಲ್ಲ, ವಂಕಿಯನ್ನು ದೂರಬೇಡಿ... ದಾರ ನೋಡುವುದು ಬೇರೆ, ಈ ತಪಾಸಣೆ ಬೇರೆ, ನಡುನಡುವೆ ರಕ್ತ ಕಂಡರೆ ಮಾಮೂಲು ಎಂದು ಬಿಡದೆ ತೋರಿಸಬೇಕು ಎಂದು ಅಲ್ಲಿಯ ಡಾಕ್ಟರು ಬಿಡಿಸಿ ಹೇಳಿದರು.

ಸಂತೋಷಪಡಬೇಕಾದವಳು ಊರಿಗೆ ಮರಳುವ ಬಸ್ಸಿನಲ್ಲಿ ಅಳುತ್ತ ಕುಳಿತಳು. ಮಾಮೂಲು ಎಂದು ತಾನು ಸುಮ್ಮನಾಗಿಸಿದ್ದ ಆ ಏಳು ಮಂದಿ ನೆನಪಾಗಿದ್ದರು.

ತಪ್ಪು ಹೇಳಿದ್ದೆ ಎಂದು ಒಪ್ಪಿಕೊಂಡರೆ, ನಾಳೆ ಲಸಿಕೆಗೆ ಕರೆದರೆ ಯಾರು ಬರುತ್ತಾರೆ? ಅವಳಿಗಿದ್ದ ಆಸ್ತಿಯೆಂದರೆ ಆ ಓಣಿಯ ನಂಬಿಕೆಯೊಂದೇ...

ವಂಕಿ ಇದ್ದವರೂ ತಪಾಸಣೆಗೆ ಬರಬೇಕೆಂದು ಹೊಸ ರೂಲ್ ಬಂದಿದೆ ಎಂದು ಹೇಳಿ ಕರೆದುಕೊಂಡು ಹೋಗು, ತಪ್ಪಿನ ಮಾತೇಕೆ ಎಂದ ಗಂಡ. ಅವಳಿಗೂ ಅದೇ ಸುಲಭ ಎನ್ನಿಸಿತು.

ಮರುದಿನ ಬೆಳಿಗ್ಗೆ ಗುರವ್ವನ ಮನೆಗೆ ಹೋದಳು. ಗುರವ್ವ ಮಗ್ಗದಲ್ಲಿ ಕುಳಿತೇ ನಕ್ಕು, ಚಹಾ ಕುಡಿದು ಹೋಗಿ ಎಂದಳು. ಆ ನಗು ನೋಡಿ ದಾಕ್ಷಾಯಣಿಗೆ ರೂಲಿನ ಮಾತು ಬಾಯಿಗೆ ಬರಲೇ ಇಲ್ಲ...

"ನಾ ನಿನಗ ತಪ್ಪು ಹೇಳಿದ್ದೆ ಗುರವ್ವ. ಅದು ಮಾಮೂಲಲ್ಲ... ನನಗ ಗೊತ್ತಿರಲಿಲ್ಲ."

ತನಗೆ ಆದದ್ದನ್ನೆಲ್ಲ ಅಳುತ್ತಲೇ ಹೇಳಿದಳು. ಗುರವ್ವ ಮಗ್ಗ ನಿಲ್ಲಿಸಿದಳು. ಇನ್ನೇನು ಬೈದು ಕಳಿಸುತ್ತಾಳೆ ಎಂದು ದಾಕ್ಷಾಯಣಿ ತಲೆ ತಗ್ಗಿಸಿ ನಿಂತಳು.

"ನೀವು ಹೇಳಿದ್ದಕ್ಕ ಸುಮ್ಮನ ಕುಂತಿದ್ದೆ ಅಕ್ಕ... ಈಗೂ ನೀವ ಹೇಳಾಕತ್ತೀರಿ. ಏಳ್ತೀನಿ, ನಡೀರಿ."

ಉಳಿದ ಆರು ಮನೆಗಳಿಗೆ ಇಬ್ಬರೂ ಕೂಡಿಯೇ ಹೋದರು. ಒಬ್ಬಿಬ್ಬರು ಸಿಟ್ಟಾದರು, ಒಬ್ಬಳು ಅತ್ತಳು... ಆದರೆ ಎಲ್ಲರೂ ತಪಾಸಣೆಗೆ ಬಂದರು.

ಆರು ಮಂದಿಗೆ ಏನೂ ಇರಲಿಲ್ಲ. ಬಿಳಿ ಮಚ್ಚೆ ಕಂಡದ್ದು ಗುರವ್ವನಿಗೆ. ಅದೂ ಕ್ಯಾನ್ಸರ್ ಆಗುವ ಮೊದಲೇ ಸಿಕ್ಕಿತ್ತು, ಚಿಕಿತ್ಸೆಯೂ ಆಯಿತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಗುರವ್ವ ಅವಳ ಹೆಗಲಿಗೆ ತಲೆಯಿಟ್ಟಳು...

"ಬರೀ ಕ್ಯಾಂಪ್ ಐತಿ ಬಾ ಅಂದಿದ್ರ ನಾ ಬರ್ತಿದ್ದಿಲ್ಲ ಅಕ್ಕ. ಮುಂದಿನ ಸಲ ನೋಡೋಣ ಅಂತಿದ್ದೆ. ನೀವು ಅತ್ತದ್ದು ನೋಡಿ ಬಂದೆ."

*ತಪ್ಪನ್ನು ಒಪ್ಪಿಕೊಂಡ ಒಂದು ಮಾತು, ಒಂದು ಜೀವವನ್ನೇ ಉಳಿಸಬಲ್ಲದು.*

ನಿಮ್ಮ ಮನೆಯಲ್ಲಿ "ಅದು ಮಾಮೂಲು ಬಿಡು" ಎಂದು ಯಾರನ್ನು ಸುಮ್ಮನಾಗಿಸಿದ್ದೀರಿ...?